ಆವಿಯೋ ಹೊಗೆಯೋ

ತೊಂಡೇಬಾವಿಯ ರೈಲುನಿಲ್ದಾಣಕ್ಕೆ ಎರಡು ಮೈಲಿ ದೂರದ ಆ ವಿಸ್ಕಿ ಕಾರ್ಖಾನೆಯಲ್ಲಿ, ಮದ್ಯವನ್ನು ಮೂಸಿ ಪರೀಕ್ಷಿಸುವ ಕೋಣೆಗೆ ಒಂದು ನಿಯಮವಿತ್ತು: ಕಿರಿಯರು ಮೊದಲು ಮಾತನಾಡಬೇಕು, ಹಿರಿಯರು ಅನಂತರ. ಹಿರಿಯರ ಮಾತು ಮೊದಲು ಬಿದ್ದರೆ ಕಿರಿಯರ ಮೂಗು ತನ್ನ ದಾರಿಯನ್ನು ಬಿಟ್ಟು ಆ ಮಾತಿನ ಹಿಂದೆ ಹೋಗಿಬಿಡುತ್ತದೆ ಎಂಬುದು ಅದಕ್ಕೆ ಕಾರಣ. ನಿಯಮವನ್ನು ಮಾಡಿದವರು ಅಂಬರೀಶ್. ಹನ್ನೊಂದು ವರ್ಷಗಳಿಂದ ಅವರು ಅಲ್ಲಿನ ಮುಖ್ಯ ಪರೀಕ್ಷಕರು. ಯಾವ ಪೀಪಾಯಿಯ ಮದ್ಯ ಸೀಸೆಗೆ ಇಳಿಯಬೇಕು, ಯಾವುದು ಇನ್ನೊಂದು ವರ್ಷ ಕತ್ತಲಲ್ಲಿ ಮಲಗಬೇಕು ಎಂಬುದನ್ನು ಅವರ ಮೂಗು ತೀರ್ಮಾನಿಸುತ್ತಿತ್ತು.

ನ್ಯಾಯಕ್ಕಾಗಿ ಮಾಡಿದ ಆ ನಿಯಮ ಎಂಟು ತಿಂಗಳಿಂದ ಅವರಿಗೆ ಊರುಗೋಲಾಗಿತ್ತು. ಆಷಾಢದಲ್ಲಿ ಬಂದ ಜ್ವರ ಐದು ದಿನಗಳಲ್ಲಿ ಇಳಿಯಿತು. ಇಳಿಯುವಾಗ ಘ್ರಾಣಶಕ್ತಿಯನ್ನು ಕೊಂಡೊಯ್ದಿತು. ಆರನೆಯ ದಿನ ಮನೆಯಲ್ಲಿ ಮಂಗಳಾರತಿ ಎತ್ತಿದಾಗ ಕರ್ಪೂರದ ಜ್ವಾಲೆ ಕಂಡಿತು, ಗಂಧ ಬರಲಿಲ್ಲ. ಚಿಕ್ಕಬಳ್ಳಾಪುರದ ವೈದ್ಯರು, ಬಂದರೂ ಬಂದೀತು, ಬಾರದೆಯೂ ಇದ್ದೀತು ಎಂದು ಹೇಳಿ, ದಿನವೂ ಲವಂಗವನ್ನೂ ನಿಂಬೆಯ ಸಿಪ್ಪೆಯನ್ನೂ ಮೂಸಲು ಸೂಚಿಸಿದರು. ಅಂಬರೀಶರು ಸಂಧ್ಯಾಕಾಲದ ಜಪದಂತೆ ಅದನ್ನು ತಪ್ಪದೆ ಮಾಡಿದರು. ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೇಳದೆ ನಡೆಸಿಕೊಂಡು ಹೋಗುವುದು ಕಷ್ಟವಾಗಲೂ ಇಲ್ಲ. ನಾಲಿಗೆ ಉಳಿದಿತ್ತು: ಸಿಹಿ, ಕಹಿ, ಒಗರು, ಗಂಟಲಿನ ಉರಿ ಇವು ತಿಳಿಯುತ್ತಿದ್ದವು. ಹಳೆಯ ಟಿಪ್ಪಣಿಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲು ಮಾತನಾಡುವ ಕವಿತ ಇದ್ದಳು.

ಕವಿತ ಶಿಡ್ಲಘಟ್ಟದವಳು. ತಾಯಿ ಅಮ್ಮಾಜಮ್ಮ ಮೂವತ್ತು ವರ್ಷ ಕುದಿನೀರಿನ ಬಾಣಲೆಯ ಮುಂದೆ ಕುಳಿತು ಗೂಡಿನಿಂದ ರೇಷ್ಮೆ ಎಳೆ ತೆಗೆದವರು. ಆ ಮನೆಯಲ್ಲಿ ಬೆಳೆದ ಮಗಳು ಒಲೆಗೆ ಹುಣಿಸೆಯ ಸೌದೆ ಹಾಕಿದ್ದಾರೋ ಕಡಲೆಸಿಪ್ಪೆ ಹಾಕಿದ್ದಾರೋ ಎಂದು ಬೀದಿಯ ತಿರುವಿನಲ್ಲೇ ಹೇಳಬಲ್ಲವಳಾಗಿದ್ದಳು. ಐದು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದಾಗ ಅವಳಲ್ಲಿದ್ದ ದೋಷ ಒಂದೇ: ಬಾಣಲೆಯ ಆವಿಯ ನೆನಪು ಬಲವಾಗಿದ್ದುದರಿಂದ ಬಿಸಿಯಾದುದೆಲ್ಲ ಅವಳಿಗೆ ಹೊಗೆಯಂತೆ ತೋರುತ್ತಿತ್ತು. ಆಗೆಲ್ಲ ಅಂಬರೀಶರು ತಲೆಯೆತ್ತದೆಯೇ, "ಆವಿಯೋ ಹೊಗೆಯೋ, ನೋಡ್ಕೊಂಡು ಹೇಳಮ್ಮ" ಎನ್ನುತ್ತಿದ್ದರು. ಆ ಮಾತು ಅವರ ಸ್ವಂತದ್ದಲ್ಲ. ಚಿಂತಾಮಣಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಅವರು ಸಂಜೆಯ ಹೊತ್ತು ಮುನಿಗಂಗಪ್ಪ ಮೇಷ್ಟರಲ್ಲಿ ತರ್ಕಪಾಠ ಹೇಳಿಸಿಕೊಂಡಿದ್ದರು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬಹುದು. ಆದರೆ ಮಂಜನ್ನೋ ಆವಿಯನ್ನೋ ಹೊಗೆಯೆಂದು ಬಗೆದವನ ಊಹೆ ಎಷ್ಟೇ ಸುಸಂಬದ್ಧವಾಗಿದ್ದರೂ ಹುರುಳಿಲ್ಲದ್ದು ಎಂದು ಮೇಷ್ಟರು ಕಲಿಸಿದ್ದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರದು, ಹಸಿ ಸೌದೆ ಸೇರಿದಲ್ಲಿ ಮಾತ್ರ ಇರುತ್ತದೆ ಎಂಬುದನ್ನೂ ಕಲಿಸಿದ್ದರು. ಅಂಬರೀಶರ ಊರಾದ ಕಳವಾರದಲ್ಲಿ ಮಂಜು ಮುಸುಕುವ ಸ್ಕಂದಗಿರಿ ಮನೆಬಾಗಿಲಿಗೆ ಎದುರಾಗಿಯೇ ನಿಂತಿರುವುದರಿಂದ ಈ ಪಾಠಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿರಲಿಲ್ಲ.

ಫಾಲ್ಗುಣದ ಆ ಬೆಳಿಗ್ಗೆ ಕೋಣೆಯಲ್ಲಿ ನಡೆಯಬೇಕಾಗಿದ್ದುದು ಸಾಮಾನ್ಯ ಪರೀಕ್ಷೆಯಲ್ಲ. ಕಾರ್ಖಾನೆಯ ಮಾಲೀಕ ರಮೇಶ್‌ಬಾಬು ನಾಲ್ಕು ವರ್ಷಗಳ ಹಿಂದೆ ಸ್ಕಾಟ್ಲೆಂಡಿನಿಂದ ಪೀಟ್ ತರಿಸಿದ್ದರು. ಪೀಟ್ ಎಂದರೆ ಜೌಗುನೆಲದಲ್ಲಿ ಪಾಚಿಯೂ ಹುಲ್ಲೂ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡು ಆದ ಕಪ್ಪು ಮಣ್ಣು. ಅದನ್ನು ಉರಿಸಿ, ಆ ಹೊಗೆಯಲ್ಲಿ ಮೊಳಕೆಯ ಬಾರ್ಲಿಯನ್ನು ಒಣಗಿಸಿದರೆ ಕಾಳು ಹೊಗೆಯನ್ನು ಹಿಡಿದುಕೊಳ್ಳುತ್ತದೆ. ಬೆಂಕಿ ಆರಿ ವರ್ಷಗಳಾದರೂ ಮದ್ಯದಲ್ಲಿ ಅದು ಉಳಿದಿರುತ್ತದೆ. ಗಂಧವು ಪೃಥ್ವಿಯ ಗುಣವೆಂದು ಶಾಸ್ತ್ರ. ಇಲ್ಲಿ ಪೃಥ್ವಿಯ ಗುಣ ನೀರಿಗೆ ಸಂಕ್ರಮಿಸುವ ಬಗೆ ಹೀಗೆ. ಹಾಗೆ ಮಾಡಿದ ಮೊದಲ ಆರು ಪೀಪಾಯಿಗಳಿಗೆ ಈಗ ಮೂರು ವರ್ಷ ತುಂಬಿತ್ತು. ಅವನ್ನು ಸೀಸೆಗಿಳಿಸಬಹುದೇ ಎಂದು ತೀರ್ಮಾನಿಸಲು ಹೆಸರುವಾಸಿಯಾದ ಮೂರು ಸ್ಕಾಚ್ ವಿಸ್ಕಿಗಳ ಪಕ್ಕದಲ್ಲಿಟ್ಟು ನೋಡಬೇಕಾಗಿತ್ತು.

ಮೇಜಿನ ಮೇಲೆ ಐದು ಗ್ಲಾಸುಗಳು. ಬಣ್ಣ ಕಾಣದಂತೆ ಎಲ್ಲವೂ ಕಡುನೀಲಿ. ಮೂರರಲ್ಲಿ ಸ್ಕಾಚು, ಒಂದರಲ್ಲಿ ತಮ್ಮದು, ಇನ್ನೊಂದರಲ್ಲಿ ಪರೀಕ್ಷಕರನ್ನು ಪರೀಕ್ಷಿಸಲೆಂದು, ಅವರಿಗೆ ತಿಳಿಸದೆ, ಹೊಗೆಯೇ ತಾಕದ ಒಂದು ಮಾಲ್ಟ್ ವಿಸ್ಕಿ. ಯಾವುದು ಎಲ್ಲಿದೆ ಎಂಬುದು ಸುರಿದ ರಮೇಶ್‌ಬಾಬುಗೆ ಮಾತ್ರ ಗೊತ್ತು. ಅದನ್ನು ಬರೆದ ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತು.

"ಶುರು ಮಾಡಮ್ಮ ಕವಿತಾ. ನಮ್ಮಪ್ಪ ಆವಲಪ್ಪ ದ್ರಾಕ್ಷಿ ಬೆಳೆದು ಮಾರಿದ್ದ, ನಾನು ಹೊಗೆ ಮಾರೋಕ್ ಹೊರಟಿದ್ದೀನಿ. ಮಾನ ಉಳ್ಸು," ಎಂದರು ರಮೇಶ್‌ಬಾಬು.

ಕವಿತ ಮೊದಲ ಗ್ಲಾಸಿಗೆ ನಾಲ್ಕು ಹನಿ ನೀರು ಬಿಟ್ಟು, ಅಲ್ಲಾಡಿಸಿ, ಬಾಯನ್ನು ತುಸು ತೆರೆದು ಮೂಸಿದಳು. "ರೇಷ್ಮೆ ಹುಳುಮನೆ ಸಾರ್. ಹುಳ ಇಡೋಕ್ ಮುಂಚೆ ಮನೇಗೆಲ್ಲ ಔಷಧಿ ಹೊಡೀತಾರಲ್ಲ, ಬಾಗಿಲು ತೆಗೆದ ಕೂಡ್ಲೆ ಬರೋದು. ಅದರ ಹಿಂದೆ ಹೊಗೆ."

"ಏಮಮ್ಮಾ, ಅಷ್ಟು ದುಡ್ಡು ಕೊಟ್ಟು ತಂದ್ರೆ ಹುಳುಮನೆ ಅಂತೀಯ!" ಎಂದರು ರಮೇಶ್‌ಬಾಬು.

"ಲಫ್ರೋಯ್ಗ್ ಇರ್ಬೇಕು," ಎಂದರು ಅಂಬರೀಶ್. ಔಷಧದ ವಾಸನೆಯ ಸ್ಕಾಚೆಂದರೆ ಅದೇ ಎಂದು ಟಿಪ್ಪಣಿ ಬಲ್ಲ ಯಾರಾದರೂ ಹೇಳಬಹುದಿತ್ತು.

ಎರಡನೆಯದರಲ್ಲಿ ಅವಳಿಗೆ ಮೆಣಸೂ ಸಮುದ್ರದ ಉಪ್ಪೂ ಸಿಕ್ಕಿದವು. ಸಮುದ್ರ ಕಂಡವಳಲ್ಲ, "ಒಣಮೀನಿನ ಸಂತೆ ದಾಟ್ಕೊಂಡು ಯಾರೋ ಮೆಣಸು ಕುಟ್ತಿದ್ದಂಗಿದೆ" ಎಂದಳು. ಅಂಬರೀಶರು ನಾಲಿಗೆಯ ಮೇಲೆ ಹಚ್ಚಿಕೊಂಡು, ಉರಿಯನ್ನು ಅಳೆದು, "ಟ್ಯಾಲಿಸ್ಕರ್" ಎಂದರು. ರಮೇಶ್‌ಬಾಬು ಜೇಬನ್ನು ತಟ್ಟಿಕೊಂಡು ನಕ್ಕರು.

ಮೂರನೆಯ ಗ್ಲಾಸನ್ನು ಕವಿತ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಇತರ ಗ್ಲಾಸುಗಳಿಗಿಂತ ಹೆಚ್ಚು ಹೊತ್ತಾಯಿತು. ಅನಂತರ ಅಂಬರೀಶರ ಮುಖವನ್ನು ನೋಡುತ್ತ ಹೇಳಿದಳು: "ಹೊಗೆ ಸಾರ್. ಹಸಿ ಹುಣಿಸೆ ಸೌದೆ ಹೊಗೆ. ಚೆನ್ನಾಗಿ ಕಟ್ಕೊಂಡಿದೆ."

ಅಂಬರೀಶರು ಗ್ಲಾಸನ್ನು ಮೂಗಿನ ಬಳಿ ಹಿಡಿದು, ಎಂದಿನಷ್ಟೇ ಹೊತ್ತು ಕಣ್ಣು ಮುಚ್ಚಿದರು. "ಹೌದು. ಹಸಿ ಸೌದೆ," ಎಂದರು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಎಂಟು ತಿಂಗಳ ಅಭ್ಯಾಸ ಅವರಿಗೆ ಅಲಂಕಾರವನ್ನೂ ಕಲಿಸಿತ್ತು. "ಕೊನೇಲಿ ಬೂದಿ ಮುಚ್ಚಿದ ಕೆಂಡ."

ಕವಿತ ತಲೆ ತಗ್ಗಿಸಿ ಕಾಗದದಲ್ಲಿ ಏನನ್ನೋ ಬರೆದುಕೊಂಡಳು. ಉಳಿದೆರಡು ಗ್ಲಾಸುಗಳ ಬಗೆಗೆ ಅವಳು ಆಡಿದ ಮಾತು ಸ್ವಲ್ಪ. ನಾಲ್ಕನೆಯದು ತಮ್ಮದಿರಬೇಕೆಂದಳು, ಐದನೆಯದರಲ್ಲಿ ಹೊಗೆಯೂ ಮಾಧುರ್ಯವೂ ಬೇರೆಬೇರೆಯಾಗಿಲ್ಲ, ಬೆಲ್ಲ ಕಾಯಿಸುವ ಆಲೆಮನೆಯಂತೆ ಎಂದಳು. ಅಂಬರೀಶರು ಅದನ್ನು ಲಗವೂಲಿನ್ ಎಂದರು.

ರಮೇಶ್‌ಬಾಬು ಚೀಟಿ ಬಿಡಿಸಿ, ಮೇಜಿನ ಮೇಲೆ ಹರಡಿದರು. ಒಂದು, ಎರಡು, ನಾಲ್ಕು, ಐದು ಸರಿಯಾಗಿದ್ದವು. ಮೂರನೆಯದರ ಮುಂದೆ ಹೊಗೆ ತಾಕದ ಮಾಲ್ಟಿನ ಹೆಸರಿತ್ತು.

"ಅಯ್ಯೋ ದೇವುಡಾ," ಎಂದು ಅವರು ಮೊದಲು ನಕ್ಕರು. ಆಮೇಲೆ ನಗಲಿಲ್ಲ. "ಏನಮ್ಮ ಇದು? ಹೊಗೆನೇ ಇಲ್ಲದ ಕಡೆ ಹುಣಿಸೆ ಸೌದೆ ಉರಿಸ್ಬಿಟ್ಯಲ್ಲ! ಸ್ಕೂಲ್ ಮಕ್ಳು ಹೇಳ್ತಾರೆ ಇದನ್ನ."

ಕವಿತ ಚೀಟಿಯ ಕಡೆ ನೋಡದೆ ಅಂಬರೀಶರನ್ನೇ ನೋಡಿದಳು.

"ಮಾತಾಡು. ಶೀತ ಗೀತ ಆಗಿದ್ಯಾ?"

"ಇಲ್ಲ ಸಾರ್."

"ಮತ್ತೆ?" ಎಂದು ರಮೇಶ್‌ಬಾಬು, ತಾವು ಗೌರವದಿಂದ ಮೇಷ್ಟ್ರು ಎನ್ನುತ್ತಿದ್ದ ಅಂಬರೀಶರ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಮಗು ಮನಸ್ಸು ನೋಯ್ಬಾರ್ದು ಅಂತ ಅವಳ ಮಾತಿಗೆ ಹೂಂ ಅಂದ್ರಿ. ಅದು ನಿಮ್ಮ ದೊಡ್ಡತನ. ಆದ್ರೆ ಆರು ಪೀಪಾಯಿ ವಿಷ್ಯ ಇದು. ಈ ಮೂಗು ಇಟ್ಕೊಂಡು ಈ ಕೋಣೆ ಆಗಲ್ಲ. ನಾಳೆಯಿಂದ ನೀನು ಲೇಬಲ್ ಹಚ್ಚೋ ಕಡೆ ಹೋಗಮ್ಮ."

ಹೊರಗೆ ಗೌರಿಬಿದನೂರಿನ ಕಡೆಗೆ ಹೋಗುವ ಗೂಡ್ಸ್ ಗಾಡಿಯೊಂದು ದೀರ್ಘವಾಗಿ ಕೂಗಿತು.

ಅದು ಕೂಗಿ ಮುಗಿಸುವಷ್ಟರಲ್ಲಿ ಅಂಬರೀಶರಿಗೆ ಎರಡು ಸಂಗತಿ ತಿಳಿದವು. ಗ್ಲಾಸು ಮೂರರಲ್ಲಿ ಹೊಗೆ ಇಲ್ಲವೆಂಬುದು ಕವಿತಳಿಗೆ ಗೊತ್ತಿತ್ತು. ಹತ್ತು ದಿನಗಳ ಹಿಂದೆ ಇದೇ ಕೋಣೆಯಲ್ಲಿ, ತಮ್ಮ ಬೆನ್ನ ಹಿಂದಿದ್ದ ಕಾಯಿಸುವ ತಟ್ಟೆಗೆ ರಬ್ಬರಿನ ಕೊಳವೆ ತಗುಲಿ ಸುಟ್ಟು ಕರಕಲಾದಾಗ, ಅದನ್ನು ಆರಿಸಿದವಳು ಅವಳು. ಸುಟ್ಟ ವಾಸನೆ ತಿಳಿಯದೆ ತಾವು ಬರೆಯುತ್ತಲೇ ಕುಳಿತಿದ್ದುದನ್ನು ಅವಳು ನೋಡಿದ್ದಳು, ತಾವು ಕರಕಲಾದ ಕೊಳವೆಯನ್ನು ಆಮೇಲೆ ಕಸದ ಬುಟ್ಟಿಯಲ್ಲಿ ಕಂಡಿದ್ದರು. ಎರಡನೆಯ ಸಂಗತಿ ಇನ್ನೂ ಸರಳ. ಇಲ್ಲಿ ಸುಮ್ಮನಿದ್ದರೆ ತಮ್ಮ ಹೆಸರು ಉಳಿಯುತ್ತದೆ, ಮತ್ತು ಆ ಹೆಸರಿಗೆ ಬೆಲೆ ಕೊಡುತ್ತಿದ್ದ ಮೂಗು ಲೇಬಲ್ಲಿನ ಅಂಟು ಮೂಸುತ್ತಾ ಕೂರುತ್ತದೆ. ಕಂಡಂತೆ ನುಡಿಯುವವನ ಮಾತು ಮಾತ್ರ ಪ್ರಮಾಣ ಎಂಬ ವಾಕ್ಯವನ್ನು ಅವರು ಕಂಠಪಾಠ ಮಾಡಿ ಮೂವತ್ತು ವರ್ಷವಾಗಿತ್ತು.

"ಬಾಬು, ನಂಗೆ ವಾಸನೆ ಬರಲ್ಲ," ಎಂದರು.

"ಏನು?"

"ಆಷಾಢದಲ್ಲಿ ಜ್ವರ ಬಂತಲ್ಲ, ಅವತ್ತಿಂದ. ಹೊಗೆ ಅಷ್ಟೇ ಅಲ್ಲ, ಕರ್ಪೂರಾನೂ ಇಲ್ಲ. ಅವಳು ಹೇಳ್ತಾಳೆ, ನಾನು ಅದಕ್ಕೆ ಉಪ್ಪು ಖಾರ ಹಚ್ತೀನಿ."

ರಮೇಶ್‌ಬಾಬು ಕುರ್ಚಿಯ ಬೆನ್ನನ್ನು ಹಿಡಿದು ನಿಂತರು. "ಆಷಾಢದಿಂದ ಈಚೆಗೆ ಹದಿನೇಳು ಪೀಪಾಯಿ ಸೀಸೆಗೆ ಹೋಗಿದೆ ಮೇಷ್ಟ್ರೇ. ನಿಮ್ಮ ಸೈನಲ್ಲಿ. ನನ್ನ ಕುತ್ತಿಗೇಗೆ ತಂದಿದ್ರಲ್ಲ!"

"ಹದಿನೇಳೂ ಅವಳ ಮೂಗು. ಒಂದು ಸೀಸೆ ವಾಪಸ್ ಬಂದಿದ್ಯಾ?"

ಬಂದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಮನಸ್ಸು ರಮೇಶ್‌ಬಾಬುಗೆ ಇರಲಿಲ್ಲ. ಸಿಟ್ಟು ಇನ್ನೊಂದು ದಾರಿ ಹಿಡಿಯಿತು. "ಸರಿ, ಅವರಿಗೆ ಬರಲ್ಲ. ನಿಂಗೆ ಬರತ್ತಲ್ಲ? ಗೊತ್ತಿದ್ದೂ ಯಾಕ್ ಸುಳ್ಳು ಹೇಳ್ದೆ?"

ಕವಿತ ಮೊದಲ ಬಾರಿಗೆ ತಡವರಿಸಿದಳು. "ಇವತ್ತು ಆರೂ ಪೀಪಾಯಿಗೆ ಸಾರ್ ಸೈನ್ ಹಾಕ್ತಾರೆ. ಅದಕ್ ಮುಂಚೆ ಅವರಿಗೆ ವಾಸನೆ ಬರತ್ತೋ ಇಲ್ವೋ ಗೊತ್ತಾಗ್ಬೇಕಿತ್ತು. ಕೇಳೋ ಧೈರ್ಯ ಬರಲಿಲ್ಲ." ಆಮೇಲೆ ಅಂಬರೀಶರ ಕಡೆ ತಿರುಗಿದಳು. "ಹೊಗೆ ಅಂದ್ಬಿಟ್ಟು ಕಾಯ್ತಿದ್ದೆ ಸಾರ್. ನೀವು 'ಆವಿಯೋ ಹೊಗೆಯೋ ನೋಡ್ಕೊಂಡು ಹೇಳಮ್ಮ' ಅಂತೀರಾ ಅಂತ. ಅಂದಿದ್ರೆ ಸಾಕಿತ್ತು."

ಅಂಬರೀಶರು ಲೇಖನಿ ಎತ್ತಿಕೊಂಡರು. ಮೇಜಿನ ಮೇಲೆ ತೆರೆದಿದ್ದ ಪರೀಕ್ಷಾ ಪುಸ್ತಕದಲ್ಲಿ ಮೂರನೆಯ ಗ್ಲಾಸಿನ ಮುಂದೆ ತಾವೇ ಬರೆದಿದ್ದ ಹಸಿ ಸೌದೆಯನ್ನೂ ಬೂದಿ ಮುಚ್ಚಿದ ಕೆಂಡವನ್ನೂ ಒಂದೇ ಗೀಟಿನಿಂದ ಹೊಡೆದುಹಾಕಿದರು.

ರಮೇಶ್‌ಬಾಬು ಕಿಟಕಿಯವರೆಗೆ ಹೋಗಿ ಬಂದರು. ಅವರು ವ್ಯಾಪಾರಸ್ಥರು, ಮೂಗಿಲ್ಲದ ಪರೀಕ್ಷಕನಿಗಿಂತ ತೀರ್ಮಾನವಾಗದ ಆರು ಪೀಪಾಯಿಗಳು ಅವರಿಗೆ ದೊಡ್ಡ ತೊಂದರೆ. "ನಿಮ್ ಜಗಳ ಆಮೇಲೆ. ಈ ನಾಲ್ಕನೇ ಗ್ಲಾಸು ನನ್ನದು. ಸೀಸೆಗೆ ಹೋಗತ್ತೋ ಇಲ್ವೋ? ಅದ್ ಹೇಳಿ ಯಾರಾದ್ರೂ."

ಕವಿತ ಎಂದಿನಂತೆ ಗ್ಲಾಸಿಗೆ ಕೈ ಚಾಚಿದಳು. ಅಂಬರೀಶರು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನನ್ನ ಸರದಿ," ಎಂದರು.

"ಸಾರ್, ಕಿರಿಯರು ಮೊದ್ಲು ಅಲ್ವಾ?"

"ಅದಕ್ಕೇ ಹೇಳಿದ್ದು."

ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಂಬರೀಶರು ಈ ಬಾರಿ ಗ್ಲಾಸನ್ನು ಮೂಗಿನ ಬಳಿಗೆ ಒಯ್ಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಒಂದು ಗುಟುಕನ್ನು ನಾಲಿಗೆಯ ಮೇಲೆ ಸುತ್ತಿಸಿ, ಪಕ್ಕದ ಪಾತ್ರೆಗೆ ಉಗಿದು, ಬಾಯಿ ಒಣಗುವುದನ್ನು ಕಾದರು.

"ಒಗರು," ಎಂದರು. "ಹಲಸಿನ ಎಳೆಕಾಯಿ ಕಚ್ಚಿದಷ್ಟು. ಪೀಪಾಯಿ ಮರದ್ದು, ಇನ್ನೂ ಮಾಗಿಲ್ಲ. ನಂಗೆ ತಿಳಿಯೋದು ಇಷ್ಟೇ."

ಆಮೇಲೆ ಗ್ಲಾಸನ್ನು ಕವಿತಳ ಮುಂದಕ್ಕೆ ಸರಿಸಿದರು. ಅವಳು ಮೂಸಿದಳು. ಮುಖದಲ್ಲಿ ಯಾವ ಆಟವೂ ಇರಲಿಲ್ಲ.

"ಹೊಗೆ ಇದೆ. ಆದ್ರೆ ಮೇಲೆ ನಿಂತಿದೆ, ಒಳಗಿಳಿದಿಲ್ಲ. ಐದನೇದರಲ್ಲಿ ಇಳಿದಿತ್ತು. ಇನ್ನೊಂದು ವರ್ಷ ಬೇಕು."

"ಇನ್ನೊಂದು ವರ್ಷ!" ಎಂದರು ರಮೇಶ್‌ಬಾಬು. ಯಾರೂ ಮಾತು ಬದಲಿಸಲಿಲ್ಲ. ಕೊನೆಗೆ ಅವರೇ ಪುಸ್ತಕವನ್ನು ತಿರುಗಿಸಿ, ಪರೀಕ್ಷಕರ ಸಹಿಯ ಚೌಕವನ್ನು ಬೆರಳಿನಿಂದ ಕುಟ್ಟಿದರು. "ಯಾರ್ ಹಾಕ್ತೀರೋ ಹಾಕಿ. ಇರೋದು ಒಂದೇ ಮನೆ ಇಲ್ಲಿ."

ಅಂಬರೀಶರು ಆ ಚೌಕವನ್ನು ಅಡ್ಡಗೆರೆಯಿಂದ ಎರಡಾಗಿಸಿ, ಕೆಳಗಿನ ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ 'ಒಗರು: ಅಂಬರೀಶ್' ಎಂದು ಬರೆದರು. ಮೇಲಿನ ಭಾಗವನ್ನು ಹಾಗೆಯೇ ಬಿಟ್ಟು ಲೇಖನಿಯನ್ನು ಕವಿತಳಿಗೆ ಕೊಟ್ಟರು.