ಸದರಿ ಜಯವ್ವ

"ಕಾಲಾಗ ಬರಬ್ಯಾಡಬೇ. ನಿನ್ನ ಹೊಲಸ ನೀರು ಪ್ಯಾಂಟಿಗಿ ಸಿಡೀತೈತಿ."

ವಿಶ್ವವಿದ್ಯಾಲಯದ ಕಾನೂನು ಸಲಹೆಗಾರ ರುದ್ರಮುನಿ ವಕೀಲರು ಎರಡೂ ಕಾಲೆತ್ತಿ ಎದುರಿನ ಕುರ್ಚಿಯ ಮೇಲಿಟ್ಟರು. ಜಯವ್ವ ಕುಕ್ಕರುಗಾಲಲ್ಲೇ ಸರಿಯುತ್ತ ಮೇಜಿನ ಕೆಳಗೆ ಫಿನಾಯಿಲ್ ಬಟ್ಟೆ ಎಳೆದಳು. ವಕೀಲರು ಕೋರ್ಟಿಗೆ ಕೊಡುವ ಉತ್ತರ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ.

ಹನ್ನೊಂದು ವರ್ಷ ಇಲ್ಲೇ ಕಸ ಹೊಡೆದವಳಿಗೆ ಬರುವ ಮಾರ್ಚಿಗೆ ಕೆಲಸ ಸಾಕು ಎಂದಿದ್ದರು. ಆಕೆ ಕೇಸು ಹಾಕಿ, ರಾಣೆಬೆನ್ನೂರಿನಿಂದ ಹಾವೇರಿಯ ಕೋರ್ಟಿಗೆ ಮೂರು ಸಲ ಅಲೆದಿದ್ದಳು. ಮೂರೂ ಸಲ ವಕೀಲರು ತಮ್ಮ ಜೂನಿಯರನ್ನು ಕಳಿಸಿ ವಾಯಿದೆ ಪಡೆದಿದ್ದರು. ಹಾಗಾಗಿ ಅವರಿಗೆ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವರು ಕೂತ ಕೋಣೆಯ, ಪಕ್ಕದ ಸಂಡಾಸಿನ ಕೀಲಿಕೈ ಎರಡೂ ಆಕೆಯ ಸೊಂಟದಲ್ಲಿದ್ದವು.

"ಬರಕೋ ರೋಹಿಣಿ. ಸದರಿ ಜಯವ್ವ ಎಂಬಾಕೆಯು ವಿಶ್ವವಿದ್ಯಾಲಯದಲ್ಲಿ ಎಂದೂ ಕೆಲಸ ಮಾಡಿರುವುದಿಲ್ಲ. ಸದರಿಯವಳು ಯಾರೆಂಬುದೇ ನಮಗೆ ತಿಳಿದಿರುವುದಿಲ್ಲ."

ನನ್ನ ಅಜ್ಜಿಯ ಕಥೆಗಳಲ್ಲಿ ಮನುಷ್ಯರನ್ನು ಮಾಯ ಮಾಡಲು ಸುಡುಗಾಡಿನ ಬೂದಿ ಬೇಕಿತ್ತು. ಇಲ್ಲಿ ನನ್ನ ಹತ್ತು ಬೆರಳು ಸಾಕಾದವು. ನಾನೂ ಕಂತ್ರಾಟಿನವಳೇ. ಬೆರಳು ನಿಲ್ಲಲಿಲ್ಲ.

ನೆಲದ ಮೇಲೆ ಬಟ್ಟೆ ನಿಂತಿತು.

"ಯಾರನ್ನ ಸದರ ಅನ್ನಾಕತ್ತೀರಿ?" ಮೇಜಿನ ಕೆಳಗಿಂದಲೇ ಜಯವ್ವ ಕೇಳಿದಳು.

ವಕೀಲರು ನಕ್ಕರು. ಸದರಿ ಅಂದರೆ ಮೇಲೆ ಹೇಳಿದವಳು, ಅದು ಕೋರ್ಟಿನ ಭಾಷೆ, ಕಸ ಬಳಿಯುವವರಿಗಲ್ಲ ಎಂದರು. ಆಮೇಲೆ ನನ್ನತ್ತ ತಿರುಗಿ, "ಈ ಜಾತಿ ಮಂದೀನ ಒಳಗ ಬಿಟ್ಟಿದ್ದ ತಪ್ಪು ನೋಡು" ಎಂದರು.

ಜಯವ್ವ ಎದ್ದು ನಿಂತಳು.

"ನಿಮ್ಮ ಭಾಷಾ ತಿಳಿಯಂಗಿಲ್ರಿ. ಸದರ ಅಂದ್ರ ತಿಳೀತೈತಿ. ಹನ್ನೊಂದು ವರ್ಷ ನಿಮ್ಮ ಹೇಲು ತೊಳದು ಸದರ ಆಗೇನಿ. ಇಲ್ಲದಾಕೀನ ಯಾರರ ಸದರ ಮಾಡ್ತಾರೇನ್ರಿ?"

ವಕೀಲರ ಕಾಲು ಕುರ್ಚಿಯಿಂದ ಒದ್ದೆ ನೆಲಕ್ಕಿಳಿದವು. ನೀನೇ ಏನು ಆಕೆ ಎಂದು ಕೇಳಿದರು. ಜಯವ್ವ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಪಕ್ಕದ ಬಾಗಿಲಲ್ಲಿ ಒಮ್ಮೆ ಕೀಲಿ ತಿರುವಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಕಂಡಳು. ಗೇಟಿನ ಬಳಿ, ವಿಶ್ವವಿದ್ಯಾಲಯದ ಹೆಸರಿನ ಬೋರ್ಡಿನ ಕೆಳಗೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ವಕೀಲರು ಬರೆದದ್ದು ಹಾಗೇ ಇರಲಿ ಎಂದು ಮುಂದುವರಿಸಿದರು. ಎರಡನೆಯ ಪುಟ ಮುಗಿಯುವ ಮೊದಲೇ ಎದ್ದು ಸಂಡಾಸಿನ ಬಾಗಿಲು ನೂಕಿದರು. ಮತ್ತೆ ನೂಕಿದರು. ಹಿಡಿಕೆ ಜಗ್ಗಿದರು. ಹಣೆಯಲ್ಲಿ ಬೆವರೊಡೆಯಿತು.

"ಲಗೂ ಆ ಜಯವ್ವನ್ನ ಕರಿ."

ನಾನು ಮೊದಲನೆಯ ಪುಟ ತೆಗೆದು ಅವರ ಮುಂದೆ ಹಿಡಿದೆ.

"ಆಕಿ ಯಾರಂತ ನಮಗ ತಿಳಿದಿಲ್ರಿ ಸರ್. ಈಗ ಟೈಪು ಮಾಡೇನಲ್ರಿ."