ಬೈಯುವುದನ್ನು ಬಿಟ್ಟ ಗುಡ್ಡ

ಗುಡ್ಡದ ಬುಡದಲ್ಲಿದ್ದ ಪಂಪು ಕೆಟ್ಟು ಕೂತಾಗಿನಿಂದ ನಮಗೆ ನಲ್ಲಿ ಅಂದರೆ ಗೋಡೆಗೆ ಹೊಡೆದ ಮೊಳೆ ಅಷ್ಟೆ, ಟವೆಲು ನೇತುಹಾಕಲು. ಕೆಳಗಿನ ಸಾನ್ ಇಲಾರಿಯೊ ಪೇಟೆಯಲ್ಲಿ ಕಾರು ತೊಳೆದ ನೀರು ಚರಂಡಿ ಸೇರುತ್ತಿತ್ತು. ನಾವು ಬೈಕಿಗೆ ಪಕ್ಕಗಾಡಿ ಕಟ್ಟಿದ ಟ್ರೈಸಿಕಲ್ಲಿನಲ್ಲಿ ನೀರಿನ ಡಬ್ಬ ಹೇರಿಕೊಂಡು ಗುಡ್ಡ ಹತ್ತುತ್ತಿದ್ದೆವು.

ಎಲ್ಲರಿಗಿಂತ ಹೆಚ್ಚು ಉರಿದವಳು ನಾವೆಲ್ಲ ಅಲಿಂಗ್, ಅಂದರೆ ಅಕ್ಕ, ಎಂದು ಕರೆಯುವ ಬೆಬಂಗ್. ಊರವರ ಬಟ್ಟೆ ಒಗೆದೇ ಅವಳ ಒಲೆ ಹೊತ್ತಬೇಕು. ನೀರಿಲ್ಲದೆ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿ, ಬಂದರಿನ ಹತ್ತಿರದ ವಸತಿಗೃಹದ ಹಾಸಿಗೆ ವಸ್ತ್ರ ಮಾತ್ರ ಉಳಿದಿತ್ತು. ಅವರೂ ಹೇಳಿಬಿಟ್ಟಿದ್ದರು: ಈ ತಿಂಗಳು ನೋಡ್ತೀವಿ, ಆಮೇಲೆ ಮಷೀನಿಗೆ ಹಾಕ್ತೀವಿ.

ಅರ್ಜಿಗಳೆಲ್ಲ ಸೋತ ಮೇಲೆ ನಮಗೆ ಉಳಿದದ್ದು ಫೋನು. ನೀರಿನ ಕಂಪನಿ ತನ್ನ ಫೇಸ್‌ಬುಕ್ ಪುಟದಲ್ಲಿ "ಶುಭೋದಯ! ನೀರೇ ಜೀವ!" ಎಂದು ಹಾಕುವುದೇ ತಡ, ಇಡೀ ಗುಡ್ಡ ಅದರ ಮೇಲೆ ಬೀಳುತ್ತಿತ್ತು. "ಜೀವ ಎಲ್ಲಾ ನೀವೇ ಇಟ್ಕೊಂಡಿದೀರಲ್ಲ, ಒಂದು ಬಕೆಟ್ ಈ ಕಡೆ ಕಳ್ಸಿ." "ನನ್ನ ಗಂಡನ್ನ ಈಗ ವಾಸನೆಯಿಂದಲೇ ಗುರುತಿಸ್ತೀನಿ." ಸಿಟ್ಟಿನ ಕೆಂಪು ಮುಖಗಳು ಸಾಲುಗಟ್ಟುತ್ತಿದ್ದವು. ಏನು ಕಂಡರೂ ಕೆಳಗೆ "ಆಮೆನ್" ಎಂದು ಬರೆಯುವ ಮುದುಕಿ ಲೋಲಾ ಪಾಸಿಂಗ್, ಈ ಬೈಗುಳಗಳ ನಡುವೆಯೂ ತಪ್ಪದೆ ಆಮೆನ್ ಹಾಕುತ್ತಿದ್ದಳು.

ಆ ಪುಟ ನೋಡಿಕೊಳ್ಳುವವಳು ರಿಸಾಲಿನ್, ನಮ್ಮ ಗುಡ್ಡದ ಹುಡುಗಿಯೇ. ಕೆಲಸ ಮಾತ್ರ ಗುತ್ತಿಗೆಯದು. ಒಂದು ಸಂಜೆ ಬಂದವಳೇ ಅಂಗಡಿ ಕಟ್ಟೆಯ ಮೇಲೆ ಕುಸಿದಳು.

"ಎಲ್ರೂ ಬೈಯೋದು ನಿಲ್ಸಿ."

"ಯಾಕೆ, ನಿಮ್ಮ ಸಾಹೇಬ್ರ ಮನಸ್ಸಿಗೆ ನೋವಾಯ್ತಾ?" ಎಂದಳು ಬೆಬಂಗ್.

"ನೋವಾ? ಖುಷೀಲಿ ಕುಣೀತಿದಾರೆ!"

ಆಮೇಲೆ ಬಿಡಿಸಿ ಹೇಳಿದಳು. ತಿಂಗಳಿಗೊಮ್ಮೆ ಪುಟದ ಲೆಕ್ಕ ತೆಗೆಯುತ್ತಾರೆ. ಲೈಕು, ಕಾಮೆಂಟು, ಶೇರು, ಕೆಂಪು ಮುಖ ಎಲ್ಲವನ್ನೂ ಕೂಡಿಸಿ "ಜನರ ಸ್ಪಂದನೆ" ಎಂದು ಹೆಸರಿಡುತ್ತಾರೆ. ಅದನ್ನು ಸುತ್ತಲಿನ ಪಟ್ಟಣಗಳ ನೀರಿನ ಕಂಪನಿಗಳ ಪಕ್ಕ ಇಟ್ಟು ಅಳೆಯುತ್ತಾರೆ. ನಮ್ಮ ಪುಟವೇ ಮೊದಲು. ನಮ್ಮ ಹತ್ತಿರ ಬರುವವರೂ ಇಲ್ಲ.

"ಪಕ್ಕದ ಊರಿನವ್ರು ಯಾಕೆ ಅಷ್ಟು ಹಿಂದೆ?"

"ಅಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರ್ತದೆ. ಯಾರು ಏನಂತ ಬರೀತಾರೆ?" ರಿಸಾಲಿನ್ ಹಲ್ಲು ಕಚ್ಚಿದಳು. "ನಿನ್ನೆ ಆಡಳಿತ ಮಂಡಳಿ ಮೀಟಿಂಗಲ್ಲಿ ಪಂಪಿನ ಮಾತು ಬಂತು. ಮ್ಯಾನೇಜರ್ ಬಿಲ್ಯಾಲುಸ್ ಸಾಹೇಬ್ರು ಪರದೆ ಮೇಲೆ ಈ ಲೆಕ್ಕ ತೋರ್ಸಿ, ಜನ ನಮ್ಮನ್ನ ಇಷ್ಟು ಹಚ್ಕೊಂಡಿರೋವಾಗ ಪಂಪಿಗೇನು ಅವಸರ ಅಂದ್ರು. ಎಲ್ರೂ ಚಪ್ಪಾಳೆ ಹೊಡೆದ್ರು."

ಬಾಯಾರಿದವನ ಚೀತ್ಕಾರವನ್ನೂ ಉಂಡವನ ಜೈಕಾರವನ್ನೂ ಒಂದೇ ತಟ್ಟೆಗೆ ಸುರಿದು ತೂಗುವ ತಕ್ಕಡಿ ಯಾರ ಕೈಯಲ್ಲಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನಾವು ಉಗಿದದ್ದನ್ನೇ ಒರೆಸಿಕೊಂಡು ಪನ್ನೀರು ಎಂದು ಮೆರೆದಿದ್ದರು.

"ಹಾಗಾದ್ರೆ ಇವತ್ತಿಂದ ಉಪವಾಸ," ಎಂದಳು ಬೆಬಂಗ್. "ಅವರಿಗೆ. ಲೈಕಿಲ್ಲ, ಬೈಗುಳ ಇಲ್ಲ, ಕೆಂಪು ಮುಖಾನೂ ಇಲ್ಲ. ನಿನ್ನ ಕೆಲಸದ ಗತಿ ಏನು ಮಗಳೇ?"

"ಗುತ್ತಿಗೆ ಮುಗಿದ್ರೆ ಹೇಗೂ ಕಳಿಸ್ತಾರೆ. ಸ್ವಲ್ಪ ಬೇಗ ಕಳಿಸ್ಲಿ."

"ಆಮೆನ್ ಕೂಡಾ ಹಾಕೋ ಹಾಗಿಲ್ವಾ?" ಲೋಲಾ ಪಾಸಿಂಗ್ ಗಾಬರಿಯಾದಳು.

"ದೇವ್ರಿಗೆ ಹೇಳಿ ಲೋಲಾ, ಕಂಪನಿಗೆ ಬೇಡ."

ಮುದುಕಿಗೆ ತನ್ನ ಬೆರಳಿನ ಮೇಲೆ ನಂಬಿಕೆ ಇರಲಿಲ್ಲ. ಫೋನನ್ನು ತಾನೇ ತಂದು ಬೆಬಂಗಳ ಖಾಲಿ ಡ್ರಮ್ಮಿನೊಳಗೆ ಬಿಟ್ಟಳು.

ಸತ್ತವರ ಫೋಟೋಗೂ ಕೈತಪ್ಪಿ ನಗುವ ಮುಖ ಒತ್ತಿ ಆಮೇಲೆ ಕ್ಷಮೆ ಕೇಳುವ ಜನ ನಾವು. ಸುಮ್ಮನಿರುವುದೆಂದರೆ ತುರಿಕೆ ಬಂದರೂ ಕೆರೆದುಕೊಳ್ಳದೆ ಕೂತ ಹಾಗೆ. ಪುಟ ತಣ್ಣಗಾಯಿತು. ಮ್ಯಾನೇಜರರಿಗೆ ಬಿಸಿಯಾಯಿತು. ತಲೆಯ ಮೇಲೆ ಬಕೆಟ್ ಹೊತ್ತು ತಾವೇ ಕುಣಿದ ವಿಡಿಯೋ ಹಾಕಿದರು. ಗುಡ್ಡ ದಿಂಬು ಕಚ್ಚಿಕೊಂಡು ನಕ್ಕಿತು, ಬೆರಳು ಎತ್ತಲಿಲ್ಲ. ಆಮೇಲೆ "ನೀರೆಂದರೆ ನಿಮಗೇನು? ಒಳ್ಳೆಯ ಉತ್ತರಕ್ಕೆ ಒಂದು ಮೂಟೆ ಅಕ್ಕಿ" ಎಂಬ ಗಾಳ ಬಿತ್ತು. ಟ್ರೈಸಿಕಲ್ ಓಡಿಸುವ ದೋದೊಂಗ್ ಆಸೆ ತಡೆಯಲಾರದೆ ಅರ್ಧ ಬರೆದಿದ್ದ.

"ಅಳಿಸೋ!" ಬೆಬಂಗ್ ಬಟ್ಟೆ ಬಡಿಯುವ ಕೋಲು ಎತ್ತಿದಳು.

"ಅಕ್ಕಿ ಅಲಿಂಗ್, ಮೂಟೆ ಅಕ್ಕಿ!"

"ಅದನ್ನ ಬೇಯ್ಸೋಕೆ ನಿನ್ನ ಬೆವರು ಹಾಕ್ತೀಯಾ?"

ಅಳಿಸಿದ.

ಕೊನೆಗೆ ಪಕ್ಕದ ಊರಿನ ಬಡಪಾಯಿ ಪುಟವೂ ನಮ್ಮದನ್ನು ದಾಟಿ ಮುಂದೆ ಹೋಯಿತು. ಆ ಮಧ್ಯಾಹ್ನವೇ ಬಿಲ್ಯಾಲುಸ್ ಸಾಹೇಬರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು.

"ಇಲ್ಲಿ ನೆಟ್‌ವರ್ಕ್ ಹೋಗಿದ್ಯಾ?"

"ಚೆನ್ನಾಗಿದೆ ಸರ್."

"ನನ್ನ ಡ್ಯಾನ್ಸು ನೋಡಿದ್ರಾ?"

"ನೋಡಿದ್ವಿ ಸರ್. ಸೊಂಟಕ್ಕೆ ಸ್ವಲ್ಪ ಎಣ್ಣೆ ಹಚ್ಕೊಳ್ಳಿ."

"ಅದನ್ನೇ ಬರೀಬಹುದಿತ್ತಲ್ಲ!" ಸಾಹೇಬರ ದನಿ ಒಡೆಯಿತು. "ಮೊದ್ಲು ಎಷ್ಟು ಚೆನ್ನಾಗಿ ಬೈತಿದ್ರಿ! ವಾರದೊಳಗೆ ಮಂಡಳಿ ಮುಂದೆ ಲೆಕ್ಕ ಇಡ್ಬೇಕು. ಒಂದು ಕೆಟ್ಟ ಮಾತಾದ್ರೂ ಆಡ್ರಮ್ಮಾ."

ಬೆಬಂಗ್ ಸೊಂಟಕ್ಕೆ ಕೈಯಿಟ್ಟಳು. "ಬಾಯಿ ಒಣಗಿದೆ ಸರ್, ಬೈಗುಳ ಏಳ್ತಾ ಇಲ್ಲ. ನಲ್ಲಿಗೆ ನೀರು ಬಂದ್ರೆ ನಾಲಿಗೆಗೂ ಬರ್ತದೆ. ಮೊದ್ಲು ಪಂಪು."

ಸಾಹೇಬರು ಅಲ್ಲೇ, ಬಿಸಿಲಲ್ಲೇ ನಿಂತು ಮೆಕ್ಯಾನಿಕ್ಕಿಗೆ ಫೋನು ಮಾಡಿದರು. ಇಷ್ಟು ದಿನ ಸಿಗದಿದ್ದ ಬಿಡಿಭಾಗ ಗೋದಾಮಿನಲ್ಲೇ ಇತ್ತಂತೆ.

ಮಂಡಳಿ ಕೂಡುವ ದಿನ ಬೆಳಿಗ್ಗೆ ನಲ್ಲಿ ಕೆಮ್ಮಿತು, ತುಕ್ಕು ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ವಸತಿಗೃಹದ ಹಾಸಿಗೆ ವಸ್ತ್ರಗಳೆಲ್ಲ ಒಟ್ಟಿಗೆ ತೊಟ್ಟಿಗೆ ಬಿದ್ದವು. ಬೆಬಂಗ್ ಮೊಣಕೈವರೆಗೆ ನೊರೆಯಲ್ಲಿ ಮುಳುಗಿದ್ದಾಗ ರಿಸಾಲಿನ್ ಫೋನು ಮಾಡಿದಳು. ನಾನು ಅದನ್ನು ಬೆಬಂಗಳ ಕಿವಿಗೆ ಹಿಡಿದೆ. ಆ ಕಡೆ ನಗು ತಡೆದ ಪಿಸುಮಾತು:

"ಅಲಿಂಗ್, ಮೀಟಿಂಗ್ ಶುರುವಾಗ್ತಿದೆ. ಸಾಹೇಬ್ರು ಬಾಗಿಲಲ್ಲಿ ನಿಂತು ಕೈ ಮುಗೀತಿದಾರೆ. ಗುಡ್ಡದಿಂದ ಒಂದೇ ಒಂದು ಕಾಮೆಂಟು?"

"ಕೈಯೆಲ್ಲ ಸೋಪು ಮಗಳೇ," ಎಂದಳು ಬೆಬಂಗ್, "ಒಗೆದು ಮುಗೀಲಿ, ನೋಡೋಣ."