ಆರು ನಿಮಿಷದ ಬೆಳಗು

ಬೆಳಗಾಗುವುದು ಯಾರಿಗೂ ಗೊತ್ತಾಗಬಾರದು, ಆದರೆ ಬೆಳಗಾಗಿರಬೇಕು. ನಾಟಕಕ್ಕೆ ಬೆಳಕು ಮಾಡುವ ವಿನಿತಾಳ ಹಟ ಇಷ್ಟೇ. ನಾಟಕದ ಕೊನೆಯ ದೃಶ್ಯದಲ್ಲಿ ಮೀನುಗಾರನ ಹೆಂಡತಿ ಚಿಮಣಿ ದೀಪ ಇಟ್ಟುಕೊಂಡು ದಡದಲ್ಲಿ ಗಂಡನಿಗಾಗಿ ಕಾಯುತ್ತಾಳೆ. ದೋಣಿ ಬರುವುದಿಲ್ಲ. ಒಂದು ಮಾತೂ ಇಲ್ಲ. ಆರು ನಿಮಿಷದಲ್ಲಿ ಬೆಳಕು ಎಷ್ಟು ಮೆಲ್ಲಗೆ ಏರಬೇಕೆಂದರೆ, ಅವಳ ಮುಖವನ್ನೇ ನೋಡುತ್ತಿದ್ದ ಜನ ಕೊನೆಗೆ ಆ ಚಿಮಣಿ ಯಾವಾಗ ಮಂಕಾಯಿತು ಎಂದು ಬೆಚ್ಚಬೇಕು.

ಇದಕ್ಕಾಗಿ ಅವಳು ವಾರಗಟ್ಟಲೆ, ಹಲ್ಲಿನ ಕ್ಲಿನಿಕ್ಕಿನ ಕೆಲಸ ಮುಗಿಸಿ ವಿಮಾನ ನಿಲ್ದಾಣದ ಪಕ್ಕದ ಅರಾದಿನ ಮನೆಗೆ ಬಂದು, ಲ್ಯಾಪ್‌ಟಾಪ್ ಎದುರು ಕೂತಿದ್ದಳು. ಮೇಲೆ ವಿಮಾನಗಳು ಇಳಿಯುತ್ತಿದ್ದವು, ಒಳಗೆ ಒಲೆಯ ಮೇಲೆ ಸಾರು ತಳ ಹಿಡಿಯುತ್ತಿತ್ತು. ಸಾಫ್ಟ್‌ವೇರಿನ ಕೆಲಸ ಸರಳವೇ. ಯಾವ ದೀಪ, ಎಷ್ಟು ಬೆಳಕು, ಯಾವ ಬಣ್ಣ, ಎಷ್ಟು ಹೊತ್ತಿನಲ್ಲಿ ಏರಬೇಕು, ಇಷ್ಟನ್ನು ಹೊಂದಿಸಿ ನಂಬರ್ ಕೊಟ್ಟು ಸೇವ್ ಮಾಡಿದರೆ ಅದೊಂದು ಸೀನು. ನಾಟಕದ ದಿನ ಹಸಿರು ಬಟನ್ ಒತ್ತುತ್ತಾ ಹೋದರೆ ಒಂದರ ಹಿಂದೆ ಒಂದು ಬರುತ್ತವೆ. ಮನುಷ್ಯರು ನಡುವೆ ಬಾರದಿದ್ದರೆ ಎಲ್ಲವೂ ಸರಳವೇ.

ಶುಕ್ರವಾರ ಮಧ್ಯಾಹ್ನ ಮನಾಮಾದ ಸಭಾಂಗಣಕ್ಕೆ ಬಂದಾಗ ಮೊದಲ ಪೆಟ್ಟು ಬಿತ್ತು. ಸಲ್ಮಾಬಾದಿನ ಗೋಡೌನಿನಿಂದ ಬಂದ ಬಾಡಿಗೆ ದೀಪಗಳು ಅವಳು ಹೇಳಿದ್ದವಲ್ಲ. ಹೇಳಿದ್ದವು ಯಾವುದೋ ಮದುವೆಗೆ ಹೋಗಿದ್ದವಂತೆ. "ಸಬ್ ಸೇಮ್ ಹೈ ಮೇಡಂ" ಎಂದು ಡ್ರೈವರ್ ಇಳಿಸಿ ಹೋದ. ಸೇಮ್ ಎಲ್ಲಿಯದು! ಇವುಗಳಲ್ಲಿ ಹಳದಿಯೇ ಇಲ್ಲ. ಕೆಂಪಿಗೆ ಹಸಿರು ಬೆರೆಸಿ ಹಳದಿ ಹುಟ್ಟಿಸಬೇಕು. ಮೊದಲ ಸಲ ಬೆಳಗು ಟೊಮೆಟೊ ಸಾರಿನ ಬಣ್ಣದಲ್ಲಿ ಬಂತು, ಎರಡನೆಯ ಸಲ ಕಾಮಾಲೆ ಕಣ್ಣಿನ ಬಣ್ಣದಲ್ಲಿ. ಅದೂ ಸಾಲದೆಂಬಂತೆ, ಪೂರ್ತಿ ಕತ್ತಲೆಯಿಂದ ಏಳುವಾಗ ದೀಪಗಳು ಮೆಲ್ಲಗೆ ಏಳದೆ ಗಕ್ಕನೆ ಹಾರುತ್ತಿದ್ದವು. ಅವನ್ನು ಶುರುವಿನಿಂದಲೇ ಕಂಡೂ ಕಾಣದಷ್ಟು ಹೊತ್ತಿಸಿಟ್ಟು ಆ ಹಾರಾಟ ಅಡಗಿಸುವಷ್ಟರಲ್ಲಿ ಅವಳ ಊಟದ ಹೊತ್ತು ಮೀರಿತ್ತು.

ಆಮೇಲೆ ರಮಾನಾಥ ಬಂದರು. ಕೊಲ್ಲಿಯಲ್ಲಿ ನೆಲೆಸಿದ ಕನ್ನಡಿಗರ ಸಂಘದ ಅಧ್ಯಕ್ಷರು, ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳ ಮಾಡಿ ಮುಗಿಸಬಹುದಿತ್ತು.

"ಎಂತ ಮಾರಾಯ್ತಿ ಇದು, ಸುಂದರಿಯಕ್ಕನ ಮುಖವೇ ಕಾಣುದಿಲ್ಲ!" ಎಂದರು, ವೇದಿಕೆಯಲ್ಲಿ ತಾಲೀಮಿಗೆ ಕೂತಿದ್ದ ನಟಿಯನ್ನು ತೋರಿಸಿ.

"ಅದು ರಾತ್ರಿ, ರಮಾನಾಥಣ್ಣ. ರಾತ್ರಿ ಮುಖ ಕಾಣುದು ಕಮ್ಮಿಯೇ."

"ಊರಲ್ಲಿ ಎಲ್ಲ ಲೈವ್ ನೋಡ್ತಾರೆ. ಮೊಬೈಲಲ್ಲಿ ಬರೀ ಕಪ್ಪು ಬಂದ್ರೆ, ಅಲ್ಲಿಯೂ ಕರೆಂಟು ಹೋಗ್ತದಾ ಅಂತ ಕೇಳುದಿಲ್ವಾ?"

ಪಕ್ಕದ ಮೇಜಿನಲ್ಲಿ ಕ್ಯಾಮೆರಾ ಹೂಡಿಕೊಂಡಿದ್ದ ಜೆರಿಯೂ ತಲೆಯಾಡಿಸಿದ. "ಹೌದು ವಿನಿತಾ, ಸ್ವಲ್ಪ ಬಿಳಿ ಕೊಟ್ರೆ ನನಗೂ ಒಳ್ಳೇದಿತ್ತು."

ಅವಳು ಸ್ವಲ್ಪ ಏರಿಸಿದಳು. ರಮಾನಾಥ ಅತ್ತ ಹೋದ ಕೂಡಲೇ ಇಳಿಸಿದಳು. ಅವರು ಚಹಾ ಕುಡಿದು ಬಂದು, "ಪುನಃ ಕಪ್ಪಾಯ್ತಲ್ಲ?" ಎಂದರು. ಹೀಗೆ ಏರಿಸಿ ಇಳಿಸಿ ಅವಳ ತಲೆ ಕೆಟ್ಟು ಮೊಸರಾಗಿರುವಾಗ, ಅವರು ಕುರ್ಚಿ ಎಳೆದು ಹತ್ತಿರ ಕೂತು ದನಿ ತಗ್ಗಿಸಿದರು.

"ಎಂಟನೇ ಸೀನು ಆದ ಮೇಲೆ ಒಂದು ಸಣ್ಣ ಸನ್ಮಾನ ಉಂಟು. ಐದೇ ನಿಮಿಷ. ಆಗ ಮಾತ್ರ ಫುಲ್ ವೈಟ್ ಬೇಕು, ಆಯ್ತಾ?"

ವಿನಿತಾಳಿಗೆ ಕಣ್ಣು ಕತ್ತಲೆ ಬಂತು. ಎಂಟರ ನಂತರ ಒಂಬತ್ತು. ಒಂಬತ್ತೆಂದರೆ ಬೆಳಗು. ಆರು, ಏಳು, ಎಂಟನ್ನು ಅವಳು ಹಂತಹಂತವಾಗಿ ಮಬ್ಬು ಮಾಡಿದ್ದೇ ಜನರ ಕಣ್ಣು ಕತ್ತಲೆಗೆ ಒಗ್ಗಲಿ ಎಂದು. ಅಲ್ಲಿ ಬಿಳಿ ಬೆಳಕು ಸುರಿದರೆ ಮತ್ತೆ ಯಾವ ಬೆಳಗೂ ಯಾರಿಗೂ ಕಾಣುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಕೊನೆಗೆ ಮಾಡಿ ಅಣ್ಣ, ನಾಟಕ ಮುಗಿದ ಮೇಲೆ ಎಷ್ಟು ಶಾಲು ಬೇಕಾದ್ರೂ ಹೊದೆಸಿ."

"ಚೀಫ್ ಗೆಸ್ಟ್‌ಗೆ ಬೇರೆ ಕಾರ್ಯಕ್ರಮ ಉಂಟು. ಅವರು ಹೋಗ್ತಾರೆ."

"ನಾಟಕದ ಹೊಟ್ಟೆ ಬಗೆದು ಶಾಲು ಹೊದ್ದುಕೊಳ್ಳುವವರಿಗೆ ನಾಚಿಕೆಯಾದ್ರೂ ಬೇಡ್ವಾ? ಯಾರು ಆ ಮಹಾನುಭಾವರು?"

ರಮಾನಾಥರ ಮುಖ ಸಣ್ಣಗಾಯಿತು. "ಉಂಟು ಒಬ್ಬರು. ನಮ್ಮವರೇ. ಪಾಪ, ಕೆಲಸ ಮಾಡಿದವರು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ಎದ್ದು ಹೋದರು.

ವಿನಿತಾ ಹಲ್ಲು ಕಚ್ಚಿಕೊಂಡು, ಎಂಟು ಮುಗಿದೊಡನೆ ಒಂಬತ್ತು ತಾನಾಗಿ ಶುರುವಾಗುವಂತೆ ಹೆಣೆದಿದ್ದ ಕೊಂಡಿಯನ್ನು ಕಡಿದಳು. ನಡುವೆ ಎಂಟೂವರೆ ಎಂಬ ಸೀನು ತುರುಕಿದಳು. ಸಾಫ್ಟ್‌ವೇರಿನಲ್ಲಿ ಅರ್ಧ ನಂಬರಿಗೂ ಜಾಗವಿದೆ. ಅದನ್ನು ಮಾಡಿದವರ ಊರಿನಲ್ಲೂ ಒಬ್ಬ ಅಧ್ಯಕ್ಷ ಇದ್ದಿರಬೇಕು. ಎಲ್ಲ ದೀಪ, ಪೂರ್ತಿ ಬಿಳಿ. ಹೆಸರು ಕೇಳಿದಲ್ಲಿ "ಶಾಲು" ಎಂದು ಸಿಟ್ಟಿನಿಂದ ಕುಟ್ಟಿ ಸೇವ್ ಮಾಡಿದಳು.

ಅದೇ ಸಂಜೆ ಸಭಾಂಗಣ ತುಂಬಿತು. ಸುಮ್ಮನೆ ಹೇಳಬಾರದು, ನಾಟಕ ಚೆನ್ನಾಗಿಯೇ ಏರಿತು. ಮೀನುಗಾರನ ಹೆಂಡತಿಯಾದ ಸುಂದರಿಯಕ್ಕ, ಹಗಲಿಡೀ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವ ಹೆಂಗಸು, ಬಲೆಯನ್ನು ಎಳೆದು ಮಡಚುವಾಗ ಹಿಂದಿನ ಸಾಲಿನವರೂ ಕೆಮ್ಮುವುದನ್ನು ಬಿಟ್ಟಿದ್ದರು. ಎಂಟು ಮುಗಿಯಿತು. ಕತ್ತಲೆ ಹದವಾಗಿ ಕೂತಿತ್ತು. ಈಗ ಒಂಬತ್ತು ಒತ್ತಿದ್ದರೆ! ವಿನಿತಾ ಮನಸ್ಸಿನಲ್ಲೇ ಶಾಪ ಹಾಕುತ್ತಾ ಎಂಟೂವರೆ ಒತ್ತಿದಳು. ಜನ ಕಣ್ಣು ಕಿವುಚಿದರು.

ರಮಾನಾಥ ಮೈಕು ಹಿಡಿದು ಬಂದರು. "ನಾಟಕದಲ್ಲಿ ಎಲ್ಲರ ಮುಖ ಕಾಣ್ತದೆ. ಆದ್ರೆ ಕತ್ತಲೆಯಲ್ಲಿ ಕೂತು ನಮಗೆಲ್ಲ ಬೆಳಕು ಕೊಡುವವರ ಮುಖ ಯಾರೂ ನೋಡುದಿಲ್ಲ. ಇವತ್ತು ನೋಡುವ. ನಮ್ಮ ವಿನಿತಾ ವೇದಿಕೆಗೆ ಬರಬೇಕು."

ಜೆರಿ ನಗುತ್ತಾ ಅವಳನ್ನು ಕುರ್ಚಿಯಿಂದ ಎಬ್ಬಿಸಿದ. ಅವನಿಗೆ ಮೊದಲೇ ಗೊತ್ತಿತ್ತು! ಎಲ್ಲರಿಗೂ ಗೊತ್ತಿತ್ತು. ನಾಚಿಕೆ ಬೇಡ್ವಾ ಎಂದು ಮಧ್ಯಾಹ್ನ ಅವಳು ಬಯ್ದದ್ದು ತನ್ನನ್ನೇ. ವೇದಿಕೆಯಲ್ಲಿ ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಚಪ್ಪಾಳೆ ಬಂತು, ಅವಳಿಗೆ ಅಳು ಬಂತು. ಪ್ರೀತಿಯಿಂದಲೇ ಕತ್ತು ಹಿಸುಕುವವರನ್ನು ಏನೆಂದು ಬಯ್ಯುವುದು? ಅವಳ ಬೆಳಗನ್ನು ಮೆಚ್ಚಿ, ಆ ಬೆಳಗನ್ನೇ ಕೊಂದು, ಅದರ ಮೇಲೆ ಶಾಲು ಹೊದೆಸುತ್ತಿದ್ದರು.

"ಎರಡು ಮಾತು" ಎಂದು ರಮಾನಾಥ ಮೈಕು ಕೊಟ್ಟರು.

ಮೈಕು ಕೈಗೆ ಬಂದಾಗ ಅವಳಿಗೆ ಹೊಳೆಯಿತು.

"ನನಗೆ ಮಾತು ಬರುದಿಲ್ಲ" ಎಂದಳು. "ಎಲ್ಲರೂ ಮೊಬೈಲು ಆಫ್ ಮಾಡಿ. ಈಗ ಸ್ವಲ್ಪ ಹೊತ್ತು ಏನೂ ಕಾಣುದಿಲ್ಲ. ಯಾರೂ ಎದ್ದೇಳ್ಬೇಡಿ, ಕಣ್ಣಿಗೆ ಕತ್ತಲೆ ಅಭ್ಯಾಸ ಆಗ್ಲಿ. ನನಗೆ ಅಷ್ಟೇ ಸನ್ಮಾನ ಸಾಕು." ಮತ್ತೆ ಹಿಂದಿನ ಸಾಲಿನ ಕಡೆ ಕೂಗಿದಳು: "ಜೆರಿ, ಆ ಹಸಿರು ಬಟನ್ ಒತ್ತು. ಒಂದೇ ಸಲ. ಆಮೇಲೆ ದಮ್ಮಯ್ಯ, ಮುಟ್ಬೇಡ."

"ಲೈವ್‌ನಲ್ಲಿ..." ಎಂದು ರಮಾನಾಥ ಬಾಯಿ ತೆರೆಯುವಷ್ಟರಲ್ಲಿ ಬಿಳಿ ಹೋಯಿತು. ಅತಿಥಿಗಳ ಕೈ ಹಿಡಿದುಕೊಂಡು ಅವರು ಹೇಗೋ ಪರದೆಯ ಬದಿಗೆ ಸರಿದರು. ವಿನಿತಾಳಿಗೆ ಸರಿಯಲಾಗಲಿಲ್ಲ. ಬುಟ್ಟಿ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟವಳು ಬಲೆಗೆ ಕಾಲು ಸಿಕ್ಕಿ, ದಡವೆಂದು ತೋರಿಸಲು ಮಗುಚಿ ಹಾಕಿದ್ದ ಒಡಕು ದೋಣಿಯ ಪಕ್ಕ ಕುಕ್ಕರಿಸಿದಳು. ಅಷ್ಟರಲ್ಲಿ ಸುಂದರಿಯಕ್ಕ ಬಂದು, ಬ್ಯಾಟರಿಯ ಚಿಮಣಿ ಹೊತ್ತಿಸಿ ಕೂತಾಗಿತ್ತು.

"ಎಂತ ಮಾರಾಯ್ತಿ, ಇಲ್ಲೇ ಕೂತ್ಯಾ?" ಅಕ್ಕ ತುಟಿ ಅಲುಗಿಸದೆ ಕೇಳಿದಳು.

"ಮಾತಾಡ್ಬೇಡಿ ಅಕ್ಕ. ಬೆಳಗಾಗ್ತಾ ಉಂಟು."

ಬೆಳಗಾಗುತ್ತಿದೆಯೋ ಇಲ್ಲವೋ ಅವಳಿಗೂ ಕಾಣಲಿಲ್ಲ. ಉಸಿರೆಳೆದರೆ ಬುಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಪರಪರ ಎನ್ನುತ್ತಿತ್ತು, ಹಾಗಾಗಿ ಉಸಿರನ್ನೂ ಕದ್ದು ಎಳೆಯಬೇಕಾಯಿತು. ಜೆರಿ ಒಂದು ಸಲ ಒತ್ತಿದನೋ ಎರಡು ಸಲವೋ, ದೀಪ ಹಾರಿತೋ, ಸಾರಿನ ಬಣ್ಣವೋ, ಕಾಮಾಲೆಯೋ, ದೇವರಿಗೇ ಗೊತ್ತು. ಇಷ್ಟು ದಿನ ಕಟ್ಟಿದ್ದನ್ನು ಒಮ್ಮೆ ಎದುರಿನಿಂದ ನೋಡುವ ಭಾಗ್ಯವೂ ತನಗಿಲ್ಲವಲ್ಲ ಎಂದುಕೊಂಡಳು. ತಲೆ ತಗ್ಗಿಸಿ ಬುಟ್ಟಿಯನ್ನೇ ದಿಟ್ಟಿಸಿದಳು. ಕಪ್ಪಗಿದ್ದ ಸೇಬು ಈಗ ಕೆಂಪಗಿತ್ತು. ಯಾವಾಗ ಕೆಂಪಾಯಿತೋ ಅವಳಿಗೇ ತಿಳಿಯಲಿಲ್ಲ.

ಆಗ ಜನರ ನಡುವಿನಿಂದ ಒಂದು ಪುಟ್ಟ ಹುಡುಗಿಯ ದನಿ ಸ್ಪಷ್ಟವಾಗಿ ಕೇಳಿತು. "ಮಮ್ಮಾ, ಮಾರ್ನಿಂಗ್ ಯಾವಾಗ ಆಯ್ತು?"

ವಿನಿತಾ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಪ್ಲಾಸ್ಟಿಕ್ ಪರಪರ ಎಂದಿತು. ಎನ್ನಲಿ.

ಪರದೆ ಬಿದ್ದ ಮೇಲೆ ರಮಾನಾಥ ಮೊಬೈಲು ಹಿಡಿದು ಓಡಿಬಂದರು. ಬಯ್ಯಬೇಕೆಂದು ಅವಳು ಸಾಲಾಗಿ ಜೋಡಿಸಿಟ್ಟಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು.

"ಊರಿನವರು ಕೇಳ್ತಾ ಇದ್ದಾರೆ ಮಾರಾಯ್ತಿ, ದೋಣಿ ಹತ್ರ ಶಾಲು ಹೊದ್ದು ಅಳ್ತಾ ಕೂತ ಆ ಇನ್ನೊಬ್ಬಳು ಯಾರು ಅಂತ. ಪಾಪ, ಅವಳ ಗಂಡನೂ ಬರ್ಲಿಲ್ವಾ ಅಂತ."

"ಹಾಗಾದ್ರೆ" ಎಂದಳು ವಿನಿತಾ, "ಮೊಬೈಲಲ್ಲೂ ಮುಖ ಕಂಡಿದೆ."